ನಂದಿಬೆಟ್ಟವೂ ಒಂದು ಮುಳ್ಳೂ

ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಎತ್ತರವನ್ನು ಹೇಳಿಕೊಡಬೇಕಾಗಿಲ್ಲ: ಸಮುದ್ರಮಟ್ಟದಿಂದ 4,851 ಅಡಿ. ಬೆಂಗಳೂರಿನಿಂದ ಉತ್ತರಕ್ಕೆ ಹಾರಿಬರುವ ಪುಟ್ಟ ವಿಮಾನದ ಚಾಲಕನಿಗಾದರೋ ಅದು ಪ್ರಾಣದ ಲೆಕ್ಕ. ಬೆಟ್ಟಕ್ಕೆ ಮಂಜು ಮುಸುಕಿದಾಗ ಅವನಿಗೆ ಆಧಾರ ಎತ್ತರಮಾಪಕದ ಮುಳ್ಳೊಂದೇ.

ಈ ಮಾಪಕವು ಅಳೆಯುವುದು ವಾಸ್ತವವಾಗಿ ಗಾಳಿಯ ಒತ್ತಡವನ್ನು. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಒಳಗಿನ ತೆಳುಲೋಹದ ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಆ ದಿನದ ಒತ್ತಡಕ್ಕೆ ಹೊಂದಿಸುವಾಗ 10 ಮಿಲಿಬಾರ್ ತಪ್ಪಿದರೆ ಸುಮಾರು 300 ಅಡಿ ತಪ್ಪಿದಂತೆ. ಹೊರಗಾಳಿಯನ್ನು ತರುವ ಸಣ್ಣ ರಂಧ್ರ ಮುಚ್ಚಿಕೊಂಡರೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ.

ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್.ಟಿ.-2, 1951ರ ಆಗಸ್ಟ್ 5ರಂದು ಮೊದಲು ಹಾರಿತು. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಅಲ್ಲಿಯೇ ಮಾಡಿದ ‘ಪುಷ್ಪಕ’ 1958ರಲ್ಲಿ ಮೇಲೇರಿತು. ಎರಡರಲ್ಲೂ ಇದ್ದುದು ಮುಳ್ಳಿನ ಮಾಪಕಗಳೇ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಹಾರಿತು. 2021ರಲ್ಲಿ ಹಾರಿದ ಅದರ ಹೊಸ ರೂಪದಲ್ಲಿ ಮುಳ್ಳುಗಳ ಜಾಗಕ್ಕೆ ವಿದ್ಯುನ್ಮಾನ ಪರದೆ ಬಂದಿತು.

ಹಾಗಾದರೆ ಮೆಕ್ಯಾನಿಕ್ಕನ ಕೆಲಸ ಮುಗಿಯಿತೆ? ಇಲ್ಲ. ಪರದೆ ಎಷ್ಟೇ ಬೆಳಗಲಿ, ಅದಕ್ಕೆ ಗಾಳಿಯ ಸುದ್ದಿ ಮುಟ್ಟಿಸುವುದು ಹಿಂದಿನಂತೆಯೇ ಒಂದು ರಂಧ್ರ, ಒಂದು ಕೊಳವೆ. ಅಲ್ಲಿ ಕಣಜ ಗೂಡು ಕಟ್ಟಿದ್ದರೆ, ಕೊಳವೆಯ ಸಂದು ಸೋರುತ್ತಿದ್ದರೆ, ಪರದೆ ತೋರಿಸುವುದು ಅಚ್ಚುಕಟ್ಟಾದ ಸುಳ್ಳನ್ನೇ. ಎಪ್ಪತ್ತು ವರ್ಷಗಳಲ್ಲಿ ಯಂತ್ರಗಳು ಬದಲಾದವು. ಆದರೆ ಹಾರುವವನು ಇಂದಿಗೂ ನೆಲದ ಮೇಲೆ ನಿಂತು ಆ ರಂಧ್ರವನ್ನು ಒರೆಸಿ, ಸಂದನ್ನು ಪರೀಕ್ಷಿಸಿದ ಕೈಯನ್ನು ನಂಬಿಯೇ ಮೇಲೇರುತ್ತಾನೆ.