ಅರಿವು, ಋಣ, ಇಚ್ಛೆ: ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳ ಚರಿತ್ರೆ

ಇಂಗ್ಲಿಷ್ ವ್ಯಾಕರಣವನ್ನು ಅಭ್ಯಸಿಸುವವರಿಗೆ ಆರಂಭದಲ್ಲಿಯೇ ಒಂದು ವಿಲಕ್ಷಣ ಪದವರ್ಗ ಎದುರಾಗುತ್ತದೆ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್ ಎಂಬ ಒಂಬತ್ತು ಪದಗಳು ಆ ವರ್ಗದ ತಿರುಳು. ಇತರ ಕ್ರಿಯಾಪದಗಳು ಪ್ರಥಮಪುರುಷ ಏಕವಚನದಲ್ಲಿ ಸಕಾರವನ್ನು ಪಡೆಯುತ್ತವೆ, ಇವು ಪಡೆಯುವುದಿಲ್ಲ. 'ವಾಂಟ್' ಎಂಬುದರ ಮುಂದೆ ಮತ್ತೊಂದು ಕ್ರಿಯೆ ಬರಬೇಕಾದರೆ ನಡುವೆ 'ಟು' ಬೇಕು. 'ಕ್ಯಾನ್' ಎಂಬುದರ ಮುಂದೆ ಬರಿಯ ಧಾತುವೇ ನಿಲ್ಲುತ್ತದೆ. ಶಿಷ್ಟ ಭಾಷೆಯಲ್ಲಿ ಇವುಗಳಲ್ಲಿ ಎರಡು ಒಟ್ಟಿಗೆ ಬರುವಂತಿಲ್ಲ. ಶಾಲೆಗಳಲ್ಲಿ ಇವನ್ನು ನಿಯಮಗಳೆಂದು ಬಾಯಿಪಾಠ ಮಾಡಿಸಲಾಗುತ್ತದೆ. ಆದರೆ ಇವು ಯಾವ ವೈಯಾಕರಣನೂ ವಿಧಿಸಿದ ನಿಯಮಗಳಲ್ಲ. ಸಾವಿರ ವರ್ಷಗಳಿಗೂ ಮಿಕ್ಕ ಭಾಷಾಪರಿವರ್ತನೆಯ ಅವಶೇಷಗಳು.

ಸುಮಾರು ಕ್ರಿ.ಶ. 1150ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ಈ ಪದಗಳಿಗೆ ಸ್ವತಂತ್ರವಾದ ಅರ್ಥವಿತ್ತು. 'ಕ್ಯಾನ್' ಎಂಬುದರ ಮೂಲವಾದ 'ಕುನ್ನನ್' ಎಂದರೆ ಅರಿ, ತಿಳಿ ಎಂದರ್ಥ. ಒರಟುತನವನ್ನು ಸೂಚಿಸುವ ಇಂದಿನ 'ಅನ್‌ಕೂತ್' ಎಂಬ ಪದದ ಮೂಲಾರ್ಥ 'ಅರಿಯದ, ಅಪರಿಚಿತ' ಎಂಬುದೇ. 'ಮೇ' ಎಂಬುದರ ಮೂಲವಾದ 'ಮಗನ್' ಎಂದರೆ ಬಲವುಳ್ಳವನಾಗಿರು. ಶಕ್ತಿ ಎಂಬರ್ಥದ 'ಮೈಟ್' ಎಂಬ ನಾಮಪದ ಅದೇ ಬೇರಿನದು. 'ವಿಲ್' ಎಂಬುದರ ಹಿಂದೆ ಇಚ್ಛೆಯಿದೆ. 'ಶಲ್' ಎಂಬುದರ ಹಿಂದೆ ಇರುವುದು ಋಣ. ಹತ್ತು ಸಾವಿರ ನಾಣ್ಯಗಳ ಸಾಲಗಾರನನ್ನು ಕುರಿತ ಬೈಬಲ್ಲಿನ ದೃಷ್ಟಾಂತವನ್ನು ಹಳೆಯ ಇಂಗ್ಲಿಷಿಗೆ ತಂದವರು 'ತೆರಬೇಕಾಗಿತ್ತು' ಎಂಬುದಕ್ಕೆ ಬಳಸಿದ್ದು ಇಂದಿನ 'ಶುಡ್' ಎಂಬುದರ ಪೂರ್ವರೂಪವನ್ನೇ. ಆಗ ಈ ಕ್ರಿಯಾಪದಗಳು ನಾಮಪದವನ್ನು ಕರ್ಮವಾಗಿ ಪಡೆಯಬಲ್ಲವಾಗಿದ್ದವು: ಒಬ್ಬನು ಹಣವನ್ನು 'ಶಲ್' ಮಾಡಬಹುದಿತ್ತು, ಒಂದು ಭಾಷೆಯನ್ನು 'ಕ್ಯಾನ್' ಮಾಡಬಹುದಿತ್ತು.

ಸಕಾರವಿಲ್ಲದಿರುವುದಕ್ಕೆ ಕಾರಣ ಇನ್ನೂ ಪ್ರಾಚೀನವಾದುದು. 'ವಿಲ್' ಒಂದನ್ನು ಬಿಟ್ಟರೆ ಈ ವರ್ಗದ ಮೂಲಧಾತುಗಳೆಲ್ಲ ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ವರ್ತಮಾನ. ಸಂಸ್ಕೃತಜ್ಞರಿಗೆ ಇದು ಅಪರಿಚಿತವಲ್ಲ. 'ವೇದ' ಎಂಬ ರೂಪ ಲಿಟ್‌ಲಕಾರದ ಪ್ರತ್ಯಯವನ್ನು ಹೊಂದಿದ್ದರೂ ಅದರ ಅರ್ಥ 'ಅರಿಯುತ್ತಾನೆ' ಎಂದು. ಕಂಡಿದ್ದರ ಫಲ ಅರಿವು; ಹಿಂದೆ ನಡೆದ ಕ್ರಿಯೆ ಇಂದಿನ ಸ್ಥಿತಿಯಾಗಿ ನೆಲೆಸುತ್ತದೆ. ಜರ್ಮಾನಿಕ್ ಭಾಷೆಗಳಲ್ಲಿ ಇಂತಹ ಧಾತುಗಳ ಒಂದು ಗುಂಪೇ ಉಳಿದುಬಂದಿತು. ಭೂತರೂಪಕ್ಕೆ ವರ್ತಮಾನದ ಪುರುಷಪ್ರತ್ಯಯ ಹತ್ತುವುದಿಲ್ಲವಾದ್ದರಿಂದ 'ಕ್ಯಾನ್' ಎಂಬುದಕ್ಕೂ ಹತ್ತಲಿಲ್ಲ. ಹಾಗೆಯೇ ಹಳೆಯ ಇಂಗ್ಲಿಷಿನಲ್ಲಿ ಧಾತುವಿನ ಭಾವರೂಪಕ್ಕೆ 'ಅನ್' ಎಂಬ ಅಂತ್ಯಪ್ರತ್ಯಯವಿತ್ತು. ಅದು ಸವೆದುಹೋದಂತೆ ಇತರ ಕ್ರಿಯಾಪದಗಳ ಮುಂದೆ 'ಟು' ವ್ಯಾಪಿಸಿತು. ಅತಿ ಬಳಕೆಯ ಈ ಕೆಲವು ಪದಗಳ ಮುಂದೆ ಮಾತ್ರ ಹಳೆಯ ಜೋಡಣೆಯೇ ಉಳಿಯಿತು. ಹದಿನಾರನೆಯ ಶತಮಾನದ ಹೊತ್ತಿಗೆ ಇವು ಬೇರೆಯೇ ವರ್ಗವಾಗಿ ಬೇರ್ಪಟ್ಟವೆಂದು 1979ರಲ್ಲಿ ಡೇವಿಡ್ ಲೈಟ್‌ಫುಟ್ ವಾದಿಸಿದರು. ಆ ಬದಲಾವಣೆ ಒಮ್ಮೆಲೇ ಆಯಿತೇ, ಹಂತಹಂತವಾಗಿ ಆಯಿತೇ ಎಂಬ ಚರ್ಚೆ ಅನಂತರವೂ ಮುಂದುವರಿಯಿತು.

ಕನ್ನಡದ ಓದುಗರಿಗೆ ಈ ಪಯಣದಲ್ಲಿ ಪರಿಚಿತವಾದ ಹೆಜ್ಜೆಗಳು ಕಾಣುತ್ತವೆ. 'ಬಲ್ಲ' ಎಂಬುದು ಅರಿವನ್ನೂ ಸಾಮರ್ಥ್ಯವನ್ನೂ ಒಟ್ಟಿಗೆ ಹೇಳುತ್ತದೆ: ಕನ್ನಡ ಬಲ್ಲವನು, ಹಾಡಬಲ್ಲವನು. 'ಬಹುದು' ಎಂಬುದು ಬರುವಿಕೆಯಿಂದ, 'ಬೇಕು' ಎಂಬುದು ಬೇಳ್ಕುಂ ಎಂಬ ಹಳೆಯ ರೂಪದಿಂದ ಬಂದವು. 'ಬೇಕು' ಇಂದಿಗೂ ನಾಮಪದದೊಡನೆ ನಿಲ್ಲಬಲ್ಲದು: ನೀರು ಬೇಕು. ಇಂಗ್ಲಿಷಿನ ಪದಗಳು ಕಳೆದುಕೊಂಡ ಸ್ವಾತಂತ್ರ್ಯವನ್ನು ಕನ್ನಡದ ಈ ಪದ ಉಳಿಸಿಕೊಂಡಿದೆ.

ಅರ್ಥದ ದೃಷ್ಟಿಯಿಂದ ನಿರ್ಣಾಯಕವಾದುದು ಮುಂದೆ ಬರುವ ಸಾಮಾನ್ಯ ಕ್ರಿಯಾಪದ. 'ಮಸ್ಟ್' ಎಂಬುದರ ಜೊತೆಗೆ ಹೋಗು ಎಂಬರ್ಥದ 'ಗೋ' ಸೇರಿದರೆ ಸಾಮಾನ್ಯವಾಗಿ ಕರ್ತವ್ಯ. ಇರು ಎಂಬರ್ಥದ 'ಬಿ' ಸೇರಿದರೆ ಬಹುವೇಳೆ ಊಹೆ. 'ಅವನು ಮನೆಯಲ್ಲಿರಬೇಕು' ಎಂಬ ಕನ್ನಡ ವಾಕ್ಯವೂ ಹೀಗೆಯೇ ಆಜ್ಞೆಯೂ ಆಗಬಲ್ಲದು, ಅನುಮಾನವೂ ಆಗಬಲ್ಲದು. 'ಹ್ಯಾವ್' ಸೇರಿ ಹಿಂದಿನದನ್ನು ಹೇಳುವಾಗ 'ಮಸ್ಟ್' ಎಂಬುದು ಊಹೆಯೇ ಆಗುತ್ತದೆ. 'ಶುಡ್' ಎಂಬುದು ಹೆಚ್ಚಾಗಿ ಆಗದೆ ಉಳಿದ ಕರ್ತವ್ಯದ ಆಕ್ಷೇಪವಾಗುತ್ತದೆ. ನೋಡು, ಕೇಳು ಎಂಬ ಇಂದ್ರಿಯಕ್ರಿಯೆಗಳೊಡನೆ 'ಕ್ಯಾನ್' ತನ್ನ ಸಾಮರ್ಥ್ಯದ ಅರ್ಥವನ್ನೇ ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. 'ಕ್ಯಾನ್ ಸೀ' ಎಂದರೆ 'ಕಾಣುತ್ತಿದೆ' ಎಂದಷ್ಟೇ. 'ಲೈಕ್' ಎಂಬುದರೊಡನೆ 'ವುಡ್' ಸೇರಿದಾಗ ಇಚ್ಛೆ ವಿನಯವಾಗುತ್ತದೆ. 'ಮೇ' ಮತ್ತು 'ಬಿ' ಎಷ್ಟು ಬಾರಿ ಜೊತೆಗೂಡಿದವೆಂದರೆ ಕೊನೆಗೆ 'ಮೇಬಿ' ಎಂಬ ಒಂದೇ ಅವ್ಯಯವಾಗಿ ಬೆಸೆದುಹೋದವು.

ಬಳಕೆ ಹೀಗೆ ತನ್ನ ದಾರಿಯಲ್ಲಿ ನಡೆಯುತ್ತಿರಲು ವೈಯಾಕರಣರು ಒಂದೆಡೆ ಬೇಲಿ ಹಾಕಲೆತ್ನಿಸಿದರು. ಗಣಿತಜ್ಞರೂ ಆಗಿದ್ದ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಉತ್ತಮಪುರುಷದಲ್ಲಿ 'ಶಲ್' ಬರಿಯ ಭವಿಷ್ಯವನ್ನು, 'ವಿಲ್' ಸಂಕಲ್ಪವನ್ನು ಸೂಚಿಸುತ್ತದೆಂದೂ ಮಧ್ಯಮ, ಪ್ರಥಮಪುರುಷಗಳಲ್ಲಿ ಇದು ತಿರುವುಮುರುವೆಂದೂ ವಿವರಿಸಿದರು. ಮುಂದಿನ ಶತಮಾನಗಳ ಪಠ್ಯಗಳಲ್ಲಿ ಇದು ಶಿಷ್ಟತೆಯ ಅಳತೆಗೋಲಾಯಿತು. ನೀರಿಗೆ ಬಿದ್ದ ಹೊರನಾಡಿಗನೊಬ್ಬ ಎರಡು ಪದಗಳನ್ನು ಅದಲುಬದಲು ಮಾಡಿ ಕೂಗಿದ್ದರಿಂದ 'ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು' ಎಂಬರ್ಥ ಬಂದು, ದಡದಲ್ಲಿದ್ದವರು ಸುಮ್ಮನೆ ನಿಂತರೆಂಬ ಹಾಸ್ಯಕಥೆ ಆಗ ಪ್ರಚಲಿತವಾಗಿತ್ತು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳವರ ಸಹಜ ನುಡಿಯನ್ನು ದೋಷವೆಂದು ಗೇಲಿಮಾಡುವ ಧೋರಣೆ ಅದರಲ್ಲಿ ಅಡಗಿದೆ. 1925ರಲ್ಲಿ ಚಾರ್ಲ್ಸ್ ಫ್ರೀಸ್ ಇಂಗ್ಲಿಷ್ ನಾಟಕಗಳಲ್ಲಿನ ಪ್ರಯೋಗಗಳನ್ನು ಎಣಿಸಿ ನೋಡಿ, ಬಳಕೆಯು ಈ ನಿಯಮವನ್ನು ಸಮರ್ಥಿಸುವುದಿಲ್ಲವೆಂದು ತೋರಿಸಿದರು.

ಪ್ರಶ್ನೆ ಶಾಲೆಯ ಅಂಕಗಳಿಗೆ ಮುಗಿಯುವುದಿಲ್ಲ. ಭಾರತ ಸಂವಿಧಾನದ 74ನೆಯ ಅನುಚ್ಛೇದ ಮೂಲದಲ್ಲಿ ರಾಷ್ಟ್ರಪತಿಗೆ ಸಲಹೆ ನೀಡುವ ಮಂತ್ರಿಮಂಡಲವಿರತಕ್ಕದ್ದು ಎಂದಷ್ಟೇ ಹೇಳಿತ್ತು. ರಾಷ್ಟ್ರಪತಿ ಆ ಸಲಹೆಯಂತೆ ನಡೆಯತಕ್ಕದ್ದು ಎಂಬ ಇನ್ನೊಂದು 'ಶಲ್' 1976ರ 42ನೆಯ ತಿದ್ದುಪಡಿಯಿಂದ ಸೇರಿತು. ಮರುಪರಿಶೀಲನೆಗೆ ಹೇಳಬಹುದು ಎಂಬ 'ಮೇ', ಅನಂತರದ ಸಲಹೆಯಂತೆ ನಡೆಯತಕ್ಕದ್ದು ಎಂಬ ಮತ್ತೊಂದು 'ಶಲ್' 1978ರ 44ನೆಯ ತಿದ್ದುಪಡಿಯಿಂದ ಬಂದವು. ಗಣರಾಜ್ಯದ ಪರಮಪದವಿಯ ಅಧಿಕಾರದ ಎಲ್ಲೆ ಇಂತಹ ಪದಗಳ ಮೇಲೆ ನಿಂತಿದೆ. ಆದರೂ ಪದವೊಂದೇ ಸಾಲದು. ಲೋಕಸೇವಾ ಆಯೋಗದೊಡನೆ ಸಮಾಲೋಚಿಸಬೇಕೆನ್ನುವ 320ನೆಯ ಅನುಚ್ಛೇದದ 'ಶಲ್' ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ತೀರ್ಪಿತ್ತಿತು. ಕನ್ನಡದ ಕಾನೂನು ಅನುವಾದ 'ಶಲ್' ಎಂಬುದಕ್ಕೆ 'ತಕ್ಕದ್ದು' ಎಂಬುದನ್ನು ನೆಲೆಗೊಳಿಸಿದೆ; ಯೋಗ್ಯತೆಯನ್ನು ಹೇಳುವ ಪದ ಅಲ್ಲಿ ವಿಧಿಯಾಗಿದೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನವಾದರೋ ಸಂದಿಗ್ಧತೆಯನ್ನು ತೊರೆದು 'ಮಸ್ಟ್' ಎಂಬುದನ್ನೇ ಆರಿಸಿಕೊಂಡಿತು. ಆಡುನುಡಿ, ಬರಹಗಳಲ್ಲಿಯೂ ಸಮತೋಲ ಬದಲಾಗುತ್ತಿದೆ. 1961 ಮತ್ತು 1990ರ ದಶಕದ ಆರಂಭದ ತಲಾ ಸುಮಾರು ಹತ್ತು ಲಕ್ಷ ಪದಗಳ ಪಠ್ಯಕೋಶಗಳನ್ನು ಹೋಲಿಸಿದ ಜೆಫ್ರಿ ಲೀಚ್, ಈ ವರ್ಗದ ಒಟ್ಟು ಬಳಕೆ ಕುಗ್ಗಿರುವುದನ್ನೂ 'ಶಲ್', 'ಮಸ್ಟ್', 'ಮೇ' ಗಣನೀಯವಾಗಿ ಇಳಿದಿರುವುದನ್ನೂ ಗುರುತಿಸಿದರು.

ಜೈನದರ್ಶನದ ಅಧ್ಯಯನಕ್ಕೂ ಈ ಚರಿತ್ರೆ ಪ್ರಸ್ತುತ. ಸ್ಯಾದ್ವಾದದ 'ಸ್ಯಾತ್' ಎಂಬುದನ್ನು ಇಂಗ್ಲಿಷಿಗೆ ತರುವಾಗ ಅನೇಕರು 'ಮೇ ಬಿ' ಎಂದರು. 1954ರಲ್ಲಿ ಸಪ್ತಭಂಗಿಯನ್ನು ಸಂಖ್ಯಾಶಾಸ್ತ್ರದ ತಳಹದಿಯೊಡನೆ ಹೋಲಿಸಿ ಬರೆದ ಪ್ರಶಾಂತಚಂದ್ರ ಮಹಲನೋಬಿಸರೂ ಈ ಪದವನ್ನೇ ಬಳಸಿದರು. 'ಅಸ್' ಧಾತುವಿನ ವಿಧಿಲಿಙ್ ರೂಪವೆಂದು ನೋಡಿದರೆ ಆ ಅನುವಾದ ಸಹಜವೆನಿಸುತ್ತದೆ. ಆದರೆ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಸ್ಯಾತ್ ಎಂಬುದನ್ನು ಅನೇಕಾಂತವನ್ನು ದ್ಯೋತಿಸುವ ನಿಪಾತವೆಂದು ಸ್ಪಷ್ಟಪಡಿಸಿದ್ದಾರೆ. ಕ್ರಿಯಾಪದವೊಂದು ಅವ್ಯಯವಾಗಿ ಗಟ್ಟಿಗೊಂಡಿದೆ, ಇಂಗ್ಲಿಷಿನ 'ಮೇಬಿ' ಎಂಬುದರಂತೆಯೇ. ಆದರೆ ತಲುಪಿದ ನೆಲೆ ಬೇರೆ. 'ಮೇಬಿ' ಎಂಬುದು ಹೇಳುವವನ ಸಂಶಯವನ್ನು ಸೂಚಿಸಿದರೆ, 'ಸ್ಯಾತ್' ಎಂಬುದು ವಸ್ತುವಿನ ಒಂದು ಅಪೇಕ್ಷೆಯನ್ನು, ಒಂದು ದೃಷ್ಟಿಕೋನವನ್ನು ಗುರುತಿಸುತ್ತದೆ. ಆ ಅಪೇಕ್ಷೆಯೊಳಗೆ ಹೇಳಿಕೆ ನಿಶ್ಚಿತವಾದುದು. ಆದ್ದರಿಂದಲೇ ಭಂಗಗಳಲ್ಲಿ 'ಸ್ಯಾತ್' ಎಂಬುದರೊಡನೆ 'ಏವ' ಎಂಬ ಅವಧಾರಣೆಯೂ ನಿಲ್ಲುತ್ತದೆ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಎತ್ತಿದ ಅನಿಶ್ಚಯದ ಆಕ್ಷೇಪಕ್ಕೆ ಜೈನ ತಾರ್ಕಿಕರ ಉತ್ತರ ನಿಂತಿರುವುದೂ ಈ ಭೇದದ ಮೇಲೆಯೇ. 'ಮೇ ಬಿ' ಎಂಬ ಎರಡು ಪದಗಳು ಆ ಉತ್ತರವನ್ನು ಅಳಿಸಿ ಆಕ್ಷೇಪವನ್ನಷ್ಟೇ ಉಳಿಸಿಬಿಡುತ್ತವೆ. 'ಒಂದು ಅಪೇಕ್ಷೆಯಿಂದ' ಎಂದು ಅನುವಾದಿಸಿದರೆ ವಾಕ್ಯ ದೀರ್ಘವಾದೀತು. ಸಿದ್ಧಾಂತ ಮಾತ್ರ ಉಳಿಯುತ್ತದೆ.