ಮುಲ್ಲರ್ ಕೇಳದೇ ಹೋದ ಹಾಡು

ನನಗೆ ಪಿಯಾನೋ ನುಡಿಸಲು ಬರುವುದಿಲ್ಲ. ಜರ್ಮನ್ ಭಾಷೆಯಂತೂ ಒಂದಕ್ಷರ ಗೊತ್ತಿಲ್ಲ. ಭಾವಗೀತೆ ಕೇಳಿಕೊಂಡು ಬೆಳೆದವನು ನಾನು. ಹಾಗಿದ್ದೂ ಕೆಲವು ವಾರಗಳಿಂದ ರಾತ್ರಿ ಕೆಲಸ ಮುಗಿಸಿ ಹೆಡ್‌ಫೋನ್ ಹಾಕಿಕೊಂಡರೆ ಒಂದೇ ಹಾಡು. ಫ್ರಾನ್ಜ್ ಶೂಬರ್ಟ್‌ನ 'ವಿಂಟರ್‌ರೈಸೆ', ಅಂದರೆ 'ಚಳಿಗಾಲದ ಪಯಣ' ಎಂಬ 24 ಹಾಡುಗಳ ಗೀತಮಾಲೆಯ ಕಟ್ಟಕಡೆಯ ಹಾಡು.

ಮೊದಲ ಸಲ ಕೇಳಿದಾಗ ಎದ್ದು ಕೂತಿದ್ದೆ. ಯಾಕೆ ಗೊತ್ತಾ? ಅದರಲ್ಲಿ ತಂಬೂರಿ ಇತ್ತು! ನಿಜವಾದ ತಂಬೂರಿ ಅಲ್ಲ ಬಿಡಿ... ಪಿಯಾನೋದ ಎಡಗೈ ಹಾಡಿನುದ್ದಕ್ಕೂ ಷಡ್ಜ-ಪಂಚಮ ಎರಡೇ ಸ್ವರಗಳನ್ನು ಹಿಡಿದು ಕೂತಿರುತ್ತದೆ. ಊರಾಚೆ ಹಿಮದಲ್ಲಿ ಬರಿಗಾಲಲ್ಲಿ ನಿಂತು, ಯಾರೂ ಕೇಳದಿದ್ದರೂ ಹಿಡಿ ತಿರುಗಿಸಿ ವಾದ್ಯ ನುಡಿಸುತ್ತಲೇ ಇರುವ ಒಬ್ಬ ಮುದುಕನ ಕವಿತೆ ಅದು. ಅವನ ವಾದ್ಯದಲ್ಲೂ ನಿಲ್ಲದೆ ಮೊಳಗುವ ಶ್ರುತಿ ತಂತಿಗಳಿರುತ್ತವೆ. ಶೂಬರ್ಟ್ ಪಿಯಾನೋದಲ್ಲಿ ತಂದದ್ದು ಅದನ್ನೇ.

ಈ ಹಾಡಿನ ಬೆನ್ನು ಹತ್ತಿ ಹೋದಾಗ ಸಿಕ್ಕ ಕಥೆಯೇ ಈ ಬರಹ.

ಇವತ್ತು ನಾವು ಇಂಥವನ್ನೆಲ್ಲ 'ಶಾಸ್ತ್ರೀಯ' ಅಂತ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದೇವೆ. ಆದರೆ ಆ ಕಾಲಕ್ಕೆ ಅವು ಬಿಸಿಬಿಸಿ ಸರಕು. ಜರ್ಮನ್ ನಾಡುಗಳ ಮಧ್ಯಮವರ್ಗದ ಮನೆಗಳಿಗೆ ಪಿಯಾನೋ ಬಂದಿತ್ತು. ಹೊಸ ಕವಿತೆಗಳು ವಾರ್ಷಿಕ ಸಂಚಿಕೆಗಳಲ್ಲಿ ಅಚ್ಚಾಗಿ ಮನೆಮನೆ ತಲುಪುತ್ತಿದ್ದವು. ಸಂಜೆ ಗೆಳೆಯರು ಸೇರಿದರೆ ಒಬ್ಬ ಹಾಡಬೇಕು, ಒಬ್ಬ ಪಿಯಾನೋ ಮುಂದೆ ಕೂರಬೇಕು. ಈ ಹಾಡುಗಳಿಗೆ ಅವರು ಕರೆಯುತ್ತಿದ್ದ ಹೆಸರು 'ಲೀಡ್'. ವಿಯೆನ್ನಾದ ಶೂಬರ್ಟ್ ಬದುಕಿದ್ದು ಬರೀ 31 ವರ್ಷ, ಮಾಡಿದ ಹಾಡುಗಳು 600ಕ್ಕೂ ಹೆಚ್ಚು!

1814ರ ಅಕ್ಟೋಬರ್‌ನಲ್ಲಿ, 17ನೇ ವಯಸ್ಸಿಗೆ, ಅವನು ಗಯಟೆಯ 'ಫೌಸ್ಟ್' ನಾಟಕದ ಒಂದು ಕವಿತೆಗೆ ಸಂಗೀತ ಹಾಕಿದ. ನಾಟಕದ ಮೊದಲ ಭಾಗ ಪೂರ್ತಿಯಾಗಿ ಅಚ್ಚಾಗಿ ಆಗಿನ್ನೂ ಆರು ವರ್ಷ. ಹುಡುಗಿ ನೂಲುತ್ತಾ ಪ್ರಿಯಕರನನ್ನು ನೆನೆಯುತ್ತಾಳೆ. ಪಿಯಾನೋದ ಬಲಗೈ ಚರಕದಂತೆ ಸುತ್ತುತ್ತಲೇ ಇರುತ್ತದೆ. ಅವನ ಮುತ್ತಿನ ನೆನಪು ಬಂದ ಕ್ಷಣ ಚರಕ ನಿಂತುಬಿಡುತ್ತದೆ! ಆಮೇಲೆ ತಡವರಿಸಿ, ತಡವರಿಸಿ, ಮತ್ತೆ ಶುರು. 'ಚರಕ ನಿಂತಿತು' ಅಂತ ಕವಿ ಎಲ್ಲೂ ಬರೆದಿಲ್ಲ. ಅದನ್ನು ಹೇಳಿದ್ದು ಪಿಯಾನೋ. ಹಾಡುವವರ ಹಿಂದೆ ಹಿಮ್ಮೇಳವಾಗಿ ಕೂತಿದ್ದ ವಾದ್ಯ ಇಲ್ಲಿ ಕವಿತೆಯನ್ನು ಓದಲು ಶುರುಮಾಡಿತ್ತು.

ಆದರೆ ಕವಿಗೆ ಇದು ಬೇಕಿತ್ತಾ?

1816ರಲ್ಲಿ ಗೆಳೆಯ ಶ್ಪೌನ್, ಶೂಬರ್ಟ್‌ನ ಗಯಟೆ ಹಾಡುಗಳ ಒಂದು ಕಟ್ಟನ್ನು ವಿನಯದ ಪತ್ರದ ಜೊತೆ ಕವಿಗೇ ಕಳಿಸಿದ. ಕಟ್ಟು ವಾಪಸ್ ಬಂತು, ಉತ್ತರ ಬರಲಿಲ್ಲ. 1825ರಲ್ಲಿ ಶೂಬರ್ಟ್ ತಾನೇ ಮತ್ತೆ ಕೆಲವು ಹಾಡುಗಳನ್ನು ಕಳಿಸಿದ. ಅದು ತಲುಪಿದ್ದನ್ನು ಗಯಟೆ ಡೈರಿಯಲ್ಲಿ ಗುರುತು ಹಾಕಿಕೊಂಡ, ಅಷ್ಟೇ. ಅವನನ್ನು ಸೊಕ್ಕಿನವ ಅನ್ನುವುದು ಸುಲಭ. ಆದರೆ ಅವನಿಗೂ ಒಂದು ನಿಲುವಿತ್ತು. ಎಲ್ಲ ಚರಣಗಳಿಗೂ ಒಂದೇ ಮಟ್ಟು ಇರಲಿ, ಸಂಗೀತ ಕವಿತೆಯನ್ನು ಹೊತ್ತು ನಡೆಯಲಿ, ಕವಿತೆಯ ತಲೆಯ ಮೇಲೆ ಕೂರುವುದು ಬೇಡ ಅನ್ನುವವನು ಅವನು. ಗೆಳೆಯ ತ್ಸೆಲ್ಟರ್ ಹಾಗೆ ಮಾಡುತ್ತಿದ್ದ, ಅದು ಅವನಿಗೆ ಹಿಡಿಸುತ್ತಿತ್ತು. 1830ರಲ್ಲಿ ಗಾಯಕಿ ಶ್ರೋಡರ್-ಡೆವ್ರಿಯೆಂಟ್ ಶೂಬರ್ಟ್‌ನದೇ 'ಎರ್ಲ್‌ಕ್ಯೋನಿಗ್' ಹಾಡಿದಾಗ ಮುದುಕ ಗಯಟೆ ಕರಗಿದ. ಅಷ್ಟು ಹೊತ್ತಿಗೆ ಶೂಬರ್ಟ್ ಸತ್ತು ಸುಮಾರು ಒಂದೂವರೆ ವರ್ಷವಾಗಿತ್ತು.

ಈಗ ಇನ್ನೊಬ್ಬ ಕವಿ, ವಿಲ್ಹೆಲ್ಮ್ ಮುಲ್ಲರ್. ದೆಸ್ಸಾವ್ ಊರಿನ ಮೇಷ್ಟ್ರು, ಲೈಬ್ರರಿಯನ್. ಗಯಟೆಗೆ ತದ್ವಿರುದ್ಧ. 1815ರಲ್ಲೇ ಡೈರಿಯಲ್ಲಿ ಬರೆದುಕೊಂಡಿದ್ದ: ನನಗೆ ನುಡಿಸಲೂ ಬಾರದು, ಹಾಡಲೂ ಬಾರದು, ಆದರೆ ಬರೆಯುವಾಗ ಒಳಗೆ ಹಾಡುತ್ತಲೇ ಇರುತ್ತೇನೆ, ನನ್ನ ಪದಗಳಿಂದ ಆ ಮಟ್ಟನ್ನು ಕೇಳಿಸಿಕೊಂಡು ನನಗೇ ಮರಳಿಸುವ ಒಬ್ಬ ಸಮಾನ ಜೀವ ಎಲ್ಲೋ ಸಿಕ್ಕೀತು, ಎಂಬರ್ಥದ ಮಾತು. 1817ರಲ್ಲಿ ಇಟಲಿಗೆ ಹೋಗುವ ದಾರಿಯಲ್ಲಿ ಅವನು ವಿಯೆನ್ನಾದಲ್ಲಿ ಕೆಲವು ವಾರ ಉಳಿದಿದ್ದ. ಅದೇ ಊರಲ್ಲಿ ಇಪ್ಪತ್ತು ವರ್ಷದ ಶೂಬರ್ಟ್ ಇದ್ದ. ಇಬ್ಬರೂ ಭೇಟಿಯಾಗಲಿಲ್ಲ.

1823ರಲ್ಲಿ ಶೂಬರ್ಟ್ ಮುಲ್ಲರ್‌ನ 20 ಕವಿತೆಗಳನ್ನು 'ಗಿರಣಿಯ ಚೆಲುವೆ' ಎಂಬ ಗೀತಮಾಲೆಯಾಗಿಸಿದ. ಆಮೇಲೆ 'ಚಳಿಗಾಲದ ಪಯಣ'. ಇಲ್ಲಿ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮಜಾ ಕೊಡುವ ಸಂಗತಿಯೊಂದಿದೆ. ಶೂಬರ್ಟ್‌ಗೆ ಸಿಕ್ಕಿದ್ದು ಹಳೇ ವರ್ಷನ್! 'ಉರಾನಿಯಾ' ಎಂಬ ವಾರ್ಷಿಕದ 1823ರ ಸಂಚಿಕೆಯಲ್ಲಿ ಬಂದಿದ್ದ 12 ಕವಿತೆಗಳೇ ಪೂರ್ತಿ ಅಂದುಕೊಂಡು 1827ರ ಫೆಬ್ರವರಿಯಲ್ಲಿ ಕೆಲಸ ಶುರುಮಾಡಿದ. ಹನ್ನೆರಡನೇ ಹಾಡನ್ನು ಮೊದಲ ಹಾಡಿನ ಶ್ರುತಿಗೇ ತಂದು ನಿಲ್ಲಿಸಿ, ಹಸ್ತಪ್ರತಿಯ ಕೊನೆಗೆ 'ಮುಗಿಯಿತು' ಅಂತ ಬರೆದ. ಆಮೇಲೆ ಗೊತ್ತಾಯಿತು, 1824ರಲ್ಲೇ ಮುಲ್ಲರ್ ಅದನ್ನು 24 ಕವಿತೆಗಳಾಗಿ ಬೆಳೆಸಿ ಪುಸ್ತಕ ಮಾಡಿದ್ದಾನೆ, ಅದೂ ಹೊಸ ಕವಿತೆಗಳನ್ನು ಹಳೆಯವುಗಳ ನಡುನಡುವೆ ಸೇರಿಸಿ. ಶೂಬರ್ಟ್ ಮಾಡಿದ್ದನ್ನು ಒಡೆಯಲಿಲ್ಲ. ಉಳಿದವನ್ನು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಎರಡನೇ ಭಾಗವಾಗಿ ಜೋಡಿಸಿದ. ಹಾಗಾಗಿ ಕವಿಯ ಪಯಣ ಒಂದು ದಾರಿ, ಹಾಡಿನ ಪಯಣ ಇನ್ನೊಂದು ದಾರಿ.

ಎರಡನೇ ಭಾಗದ ಹಸ್ತಪ್ರತಿಯ ಮೇಲಿರುವುದು 1827ರ ಅಕ್ಟೋಬರ್. ಮುಲ್ಲರ್ ತೀರಿಕೊಂಡಿದ್ದು ಸೆಪ್ಟೆಂಬರ್ ಕೊನೆಯಲ್ಲಿ, 33 ತುಂಬಲು ಒಂದು ವಾರ ಇದ್ದಾಗ!

ಒಬ್ಬ ಜೀವನವಿಡೀ ಹುಡುಕಿದ, ಇನ್ನೊಬ್ಬ ಮರಳಿಸಲು ಸಿದ್ಧನಾದ. ನಡುವೆ ತಪ್ಪಿದ್ದು ಕೆಲವೇ ದಿನ. ಶೂಬರ್ಟ್‌ನ ಗೆಳೆಯರಿಗೂ ಈ ಹಾಡುಗಳು ತೀರಾ ಕತ್ತಲೆ ಅನ್ನಿಸಿದ್ದವಂತೆ. ನನಗಂತೂ ಎಲ್ಲಕ್ಕಿಂತ ಇವೇ ಇಷ್ಟ, ನಿಮಗೂ ಮುಂದೆ ಇಷ್ಟವಾಗುತ್ತವೆ ಅಂದನಂತೆ ಅವನು. 1828ರ ನವೆಂಬರ್‌ನಲ್ಲಿ ಸಾಯುವ ಹಾಸಿಗೆಯಲ್ಲಿ ತಿದ್ದುತ್ತಿದ್ದದ್ದು ಇದರ ಎರಡನೇ ಭಾಗದ ಕರಡನ್ನು.

ನಮ್ಮ ಕವಿಗಳು ಈ ವಿಷಯದಲ್ಲಿ ಪುಣ್ಯವಂತರು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಿದ್ದು 1978ರಲ್ಲಿ. 2020ರಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕಕ್ಕೂ ಹೆಚ್ಚು ಕಾಲ, ಕವಿ ತಮ್ಮ ಸಾಲು ಊರೂರಲ್ಲಿ ಹಾಡಾಗುವುದನ್ನು ಕೇಳಿದರು.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ, ಹೇಳಿಬಿಡುತ್ತೇನೆ. ಕಾಲೇಜು ಗೆಳೆಯನೊಬ್ಬ ನನ್ನದೊಂದು ಕವಿತೆಗೆ ಮಟ್ಟು ಹಾಕಿ, ಕೀಬೋರ್ಡ್ ಜೊತೆ ತಾನೇ ಹಾಡಿ ಕಳಿಸಿದ್ದ. ಕೇಳಿದೆ. ನಾನು ಸಿಟ್ಟಲ್ಲಿ ಬರೆದ ಸಾಲನ್ನು ಅವನು ಮೆಲ್ಲಗೆ, ಅಳುವಂತೆ ಹಾಡಿದ್ದ. 'ಅರ್ಥವೇ ಆಗಿಲ್ಲ ಇವನಿಗೆ' ಅಂದುಕೊಂಡು ಉತ್ತರ ಬರೆಯದೆ ಬಿಟ್ಟೆ. ಮೂರು ವರ್ಷವಾಯಿತು. ಬರೆಯುವುದು ಮುಲ್ಲರ್‌ಗಿಂತ ಸಾವಿರ ಪಾಲು ಕಡಿಮೆ, ಬಿಂಕ ಮಾತ್ರ ಗಯಟೆಯದು!

ನಿನ್ನೆ ರಾತ್ರಿ ಆ ಫೈಲ್ ಹುಡುಕಿ ತೆಗೆದು ಮತ್ತೆ ಕೇಳಿದೆ. ಸಿಟ್ಟಿನ ಕೆಳಗೆ ಅಳುವೂ ಇತ್ತು, ನನಗೆ ಕಂಡಿರಲಿಲ್ಲ. ಅವನಿಗೆ ನಾಲ್ಕು ಸಾಲು ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಕಾಯುತ್ತೇನೆ.

ನಿಮ್ಮ ಕವಿತೆಗೂ ಯಾರಾದರೂ ರಾಗ ಹಾಕಿದ್ದುಂಟಾ? ಕೇಳಿದಾಗ ಏನನ್ನಿಸಿತು? ಹೇಳಿ ಮತ್ತೆ...