29ನೇ ನಂಬರಿನ ರೆಡ್‌ಸ್ಟೋನ್

ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಕೇಪ್ ಕೆನವರಲ್‌ನಿಂದ ಹಾರಿದ್ದು 1958ರ ಜನವರಿ 31ರ ರಾತ್ರಿ. ಅದನ್ನು ಹೊತ್ತ ರಾಕೆಟ್ಟಿನ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರೆ ಮೈಮೇಲೆ ‘ಯುಇ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದು ದೇಶದ ಹೆಸರಲ್ಲ, ಉಪಗ್ರಹದ ಹೆಸರೂ ಅಲ್ಲ. ನಾನು ದಾಖಲೆಗಳ ಬೆನ್ನು ಹತ್ತಿದ್ದು ಈ ಎರಡು ಅಕ್ಷರಗಳಿಂದಾಗಿ.

ರಾಕೆಟ್ ಕಟ್ಟಿದ್ದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿದ್ದ ಸೇನೆಯ ಕ್ಷಿಪಣಿ ಸಂಸ್ಥೆ. ಎಷ್ಟು ಕ್ಷಿಪಣಿ ತಯಾರಾಗಿವೆ ಎಂಬುದು ಹೊರಗಿನವರಿಗೆ ತಿಳಿಯಬಾರದೆಂದು ಅಲ್ಲಿನವರು ಊರಿನ ಹೆಸರಿನ ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರು. ಎಚ್ ಅಂದರೆ 1, ಯು 2, ಎನ್ 3. ಎರಡು ಎಲ್‌ಗಳಲ್ಲಿ ಒಂದನ್ನು ಬಿಟ್ಟರೆ ಕೊನೆಯ ಇ 9. ಸೊನ್ನೆಗೆ ಎಕ್ಸ್. ಹಾಗಾಗಿ ಯುಇ ಎಂದರೆ 29, ರೆಡ್‌ಸ್ಟೋನ್ ಕ್ಷಿಪಣಿ ನಂಬರ್ 29.

ರೆಡ್‌ಸ್ಟೋನ್ ಅಣುಬಾಂಬನ್ನು ಸುಮಾರು 320 ಕಿ.ಮೀ. ದೂರಕ್ಕೆ ಒಯ್ಯಲು ಮಾಡಿದ ಆಯುಧ. ಅದರದೇ ಸೋದರ ಕ್ಷಿಪಣಿಗಳು 1958ರಲ್ಲೇ ಪಶ್ಚಿಮ ಜರ್ಮನಿಯ ಸೇನಾ ನೆಲೆಗಳಿಗೆ ಹೋದವು. ಹಾಗಿದ್ದರೆ 29ನೇ ನಂಬರನ್ನು ಯಾವ ಕೆಲಸಕ್ಕೆಂದು ತೆಗೆದಿಟ್ಟಿದ್ದರು?

ಕಾಗದದ ಮೇಲೆ ಉತ್ತರ ಸ್ಪಷ್ಟವಾಗಿದೆ. ಜುಪಿಟರ್ ಎಂಬ ಇನ್ನೂ ದೊಡ್ಡ ಕ್ಷಿಪಣಿಯ ಸಿಡಿತಲೆ ವಾತಾವರಣಕ್ಕೆ ಮರಳುವಾಗ ಬಿಸಿಗೆ ಉರಿದುಹೋಗದಂತೆ ಕವಚ ಬೇಕಿತ್ತು. ಆ ಕವಚದ ಪರೀಕ್ಷೆಗೆಂದು ರೆಡ್‌ಸ್ಟೋನ್‌ನ ಟ್ಯಾಂಕ್‌ಗಳನ್ನು ಉದ್ದಮಾಡಿ, ತುದಿಯಲ್ಲಿ ಒಂದು ದೊಡ್ಡ ಡಬ್ಬಿ ಕೂರಿಸಿದರು. ಡಬ್ಬಿಯೊಳಗೆ ಘನ ಇಂಧನದ ಸಣ್ಣ ಮೋಟರುಗಳು: ಎರಡನೇ ಹಂತಕ್ಕೆ ಹನ್ನೊಂದು, ಮೂರನೆಯದಕ್ಕೆ ಮೂರು. ಒಂದು ಮೋಟರಿನ ತಳ್ಳುಬಲ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚುಕಡಿಮೆಯಾದರೂ ರಾಕೆಟ್ ದಾರಿ ತಪ್ಪದಿರಲೆಂದು ಹಾರುವ ಮೊದಲೇ ಡಬ್ಬಿಯನ್ನು ಗಿರಗಿರನೆ ತಿರುಗಿಸುತ್ತಿದ್ದರು. ಹೆಸರು ಜುಪಿಟರ್-ಸಿ. ಹನ್ನೆರಡಕ್ಕೆ ಮಂಜೂರಾತಿ ಸಿಕ್ಕಿತ್ತು; ಪರೀಕ್ಷೆಗೆ ಹಾರಿದ್ದು ಮೂರೇ.

ಮೊದಲನೆಯದು 27ನೇ ನಂಬರು, ಮೈಮೇಲೆ ‘ಯುಐ’. 1956ರ ಸೆಪ್ಟೆಂಬರ್ 20ರಂದು ಅದು ಸುಮಾರು 1,100 ಕಿ.ಮೀ. ಎತ್ತರಕ್ಕೇರಿ, 5,300 ಕಿ.ಮೀ.ಗೂ ಆಚೆ ಹೋಗಿ ಬಿತ್ತು. ಸೋವಿಯತ್ ಉಪಗ್ರಹ ಸ್ಪುಟ್ನಿಕ್‌ಗೆ ಇನ್ನೂ ಒಂದು ವರ್ಷವಿತ್ತು. ನಾಲ್ಕನೇ ಹಂತದ ಜಾಗದಲ್ಲೂ ಒಂದು ಮೋಟರ್ ಇತ್ತು, ಆದರೆ ಅದರೊಳಗೆ ಇಂಧನವಿರಲಿಲ್ಲ, ಮರಳು ತುಂಬಿತ್ತು. ‘ಅಕಸ್ಮಾತ್’ ಏನೂ ಕಕ್ಷೆ ಸೇರದಂತೆ ಆ ಹಂತವನ್ನು ಖುದ್ದಾಗಿ ನೋಡಿ ಖಾತ್ರಿಮಾಡಿಕೊಳ್ಳಲು ಸಂಸ್ಥೆಯ ಮುಖ್ಯಸ್ಥ ಜನರಲ್ ಮೆಡಾರಿಸ್ ಅಲ್ಲಿನ ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್‌ಗೆ ಆದೇಶಿಸಿದ್ದರು. ಈ ಇಡೀ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಆ ಮರಳು. ಆಯುಧಕ್ಕೂ ಉಪಗ್ರಹ ವಾಹನಕ್ಕೂ ನಡುವೆ ಅಂದು ಉಳಿದಿದ್ದ ಅಂತರ ಅಷ್ಟೇ ಎನ್ನಬಹುದು.

ಇಂಥ ಆದೇಶ ಯಾಕೆ? ಆ ಕಾಲಕ್ಕೆ ರಹಸ್ಯವಾಗಿದ್ದ ಒಂದು ಕಡತ ಇದಕ್ಕೆ ಬೆಳಕು ಚೆಲ್ಲುತ್ತದೆ: ರಾಷ್ಟ್ರೀಯ ಭದ್ರತಾ ಮಂಡಳಿಯ 1955ರ ಮೇ ತಿಂಗಳ 5520ನೇ ದಾಖಲೆ. ಸಣ್ಣದೊಂದು ವೈಜ್ಞಾನಿಕ ಉಪಗ್ರಹ ಮೊದಲು ಹಾರಿದರೆ, ಬೇರೆ ದೇಶಗಳ ಮೇಲೆ ಅಂತರಿಕ್ಷದಲ್ಲಿ ಹಾದುಹೋಗುವ ಹಕ್ಕಿಗೆ ಅಡಿಪಾಯ ಸಿಗುತ್ತದೆ. ಆದರೆ ಈ ಕೆಲಸ ಕ್ಷಿಪಣಿ ಯೋಜನೆಗಳಿಗೆ ಅಡ್ಡಿಯಾಗಕೂಡದು. ಅದರ ಧೋರಣೆ ಇದು. ಅದೇ ವರ್ಷ ಸರ್ಕಾರ ಉಪಗ್ರಹ ಹಾರಿಸುವ ಸೇನೆಯ ಪ್ರಸ್ತಾವವನ್ನು ಬದಿಗಿಟ್ಟು, ಸಂಶೋಧನಾ ರಾಕೆಟ್ ವೈಕಿಂಗ್‌ನಿಂದ ಬೆಳೆದ ನೌಕಾಪಡೆಯ ವ್ಯಾನ್‌ಗಾರ್ಡ್ ಅನ್ನು ಆರಿಸಿತು. ತಾಂತ್ರಿಕ ಕಾರಣಗಳೂ ಇದ್ದವು. ಆದರೂ 27ನೇ ನಂಬರಿನ ಹಾರಾಟದ ಅಂಕಿಗಳನ್ನು ನೋಡಿದ ಮೇಲೆ, ಅಡ್ಡಬಂದದ್ದು ಸಾಮರ್ಥ್ಯದ ಕೊರತೆ ಅಲ್ಲವೆಂದೇ ನಾನು ನಂಬುತ್ತೇನೆ.

1957ರ ಆಗಸ್ಟ್ 8ರಂದು 40ನೇ ನಂಬರಿನ ‘ಟಿಎಕ್ಸ್’ ಹಾರಿತು. ಅದರ ಮೂತಿಯನ್ನು ಸಮುದ್ರದಿಂದ ಸುರಕ್ಷಿತವಾಗಿ ಎತ್ತಿದರು, ಕವಚ ಗೆದ್ದಿತ್ತು. ಪರೀಕ್ಷೆ ಮುಗಿಯಿತು, ಉಳಿದ ವಾಹನಗಳು ಉಗ್ರಾಣ ಸೇರಿದವು. ಅಕ್ಟೋಬರ್ 4ಕ್ಕೆ ಸ್ಪುಟ್ನಿಕ್, ನವೆಂಬರ್ 3ಕ್ಕೆ ಸ್ಪುಟ್ನಿಕ್-2. ನವೆಂಬರ್ 8ಕ್ಕೆ ಉಪಗ್ರಹ ಹಾರಿಸಲು ಸೇನೆಗೆ ಒಪ್ಪಿಗೆ ಬಂತು. ಡಿಸೆಂಬರ್ 6ರಂದು ವ್ಯಾನ್‌ಗಾರ್ಡ್ ಉಡಾವಣಾ ಕಟ್ಟೆಯ ಮೇಲೆಯೇ ಸ್ಫೋಟಿಸಿತು. ಒಪ್ಪಿಗೆ ಸಿಕ್ಕ 84ನೇ ದಿನ ಉಗ್ರಾಣದ 29 ಹಾರಿತು, ಈ ಸಲ ನಾಲ್ಕನೇ ಹಂತದಲ್ಲಿ ನಿಜವಾದ ಇಂಧನದೊಂದಿಗೆ. ಸುಮಾರು 14 ಕೆ.ಜಿ.ಯ ಆ ಉಪಗ್ರಹದಲ್ಲಿದ್ದ ಭೌತವಿಜ್ಞಾನಿ ವ್ಯಾನ್ ಆ್ಯಲನ್‌ರ ಗೈಗರ್ ಕೌಂಟರ್ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳ ಸುಳಿವು ಕೊಟ್ಟಿತು.

ಇದೇ ವಂಶಾವಳಿಯನ್ನು ಹಿಂದಕ್ಕೆ ಜಾಡು ಹಿಡಿದರೆ ಫಾನ್ ಬ್ರೌನ್‌ರ ತಂಡವೇ ರೂಪಿಸಿದ ಜರ್ಮನಿಯ ವಿ-2 ಕ್ಷಿಪಣಿ ಸಿಗುತ್ತದೆ. ಅದನ್ನು ತಯಾರಿಸಿದ ಮಿಟೆಲ್‌ಬೌ-ಡೋರಾ ಶಿಬಿರಗಳಲ್ಲಿ ಸುಮಾರು 20,000 ಕೈದಿಗಳು ಸತ್ತರು. ಎಕ್ಸ್‌ಪ್ಲೋರರ್‌ನ ಸಂಭ್ರಮದ ಫೋಟೋಗಳಲ್ಲಿ ನಗುತ್ತಾ ನಿಂತ ಫಾನ್ ಬ್ರೌನ್‌ರನ್ನು ನೋಡುವಾಗ ಈ ಸಂಖ್ಯೆಯನ್ನು ಬದಿಗಿಡಲು ನನ್ನಿಂದಾಗದು.

1961ರ ಮೇ 5ರಂದು ಅಮೆರಿಕದ ಗಗನಯಾತ್ರಿ ಅಲನ್ ಶೆಪರ್ಡ್ ಹಾರಿದ್ದೂ ರೆಡ್‌ಸ್ಟೋನ್ ಮೇಲೆಯೇ. ಸೇನೆ 1964ರಲ್ಲಿ ಈ ಆಯುಧವನ್ನು ನಿವೃತ್ತಗೊಳಿಸಿತು. ಆದರೆ ಅದರ ಕೆಲಸ ಇನ್ನೂ ಬಾಕಿಯಿತ್ತು: 1967ರ ನವೆಂಬರ್ 29ರಂದು ವೂಮೆರಾದಿಂದ ಆಸ್ಟ್ರೇಲಿಯದ ಮೊದಲ ಉಪಗ್ರಹ ರೆಸ್ಯಾಟ್ ಏರಿದ್ದು, ಸಿಡಿತಲೆ ಮರುಪ್ರವೇಶದ ಪರೀಕ್ಷೆಗಳಲ್ಲಿ ಉಳಿದುಹೋಗಿದ್ದ ಒಂದು ರೆಡ್‌ಸ್ಟೋನ್ ಮೇಲೆ.